ಒಂಬತ್ತು ದಿನದ ಲೆಕ್ಕ: ಖಾರ್ಕಿವ್, ಫೆಬ್ರವರಿ 2022

ಫೆಬ್ರವರಿ 15, ಮಂಗಳವಾರ. ಉಕ್ರೇನ್ ಬಿಟ್ಟು ಹೊರಡುವ ಬಗ್ಗೆ ಕೀವ್‌ನ ಭಾರತೀಯ ರಾಯಭಾರ ಕಚೇರಿ ಮೊದಲ ಸೂಚನೆ ಹೊರಡಿಸಿತು. 24ರ ಗುರುವಾರ ಬೆಳಗಿನ ಜಾವ ರಷ್ಯಾ ದಾಳಿ ಶುರು ಮಾಡಿತು. ನಡುವೆ ಒಂಬತ್ತು ದಿನ. ಅಷ್ಟೂ ದಿನ, ಅಲ್ಲಿನ ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದ ನನ್ನ ಅಕ್ಕನ ಮಗಳು ಹಾಸ್ಟೆಲ್‌ನಲ್ಲೇ ಇದ್ದಳು.

ಅವಳು ವಾಪಸ್ ಬಂದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ. ಟಿವಿ ಚರ್ಚೆಯಲ್ಲಿ, ಫೇಸ್‌ಬುಕ್‌ನಲ್ಲಿ, ಅರಸೀಕೆರೆಯ ನಮ್ಮ ಬೀದಿಯಲ್ಲಿ. 'ಮೊದಲೇ ಹೇಳಿದ್ರಲ್ಲ, ಯಾಕೆ ಬರಲಿಲ್ಲ?' ಕೇಳಿದವರು ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. ಉತ್ತರ ಅವರಿಗೆ ಗೊತ್ತೇ ಇತ್ತು: ಮಕ್ಕಳಿಗೆ ಬುದ್ಧಿ ಇಲ್ಲ, ಮೋಜು ಬಿಟ್ಟು ಬರೋಕೆ ಮನಸ್ಸಿಲ್ಲ.

ನಾನು ವೃತ್ತಿಯಿಂದ ಲೆಕ್ಕ ಬರೆಯುವವನು. ಆ ವರ್ಷದ ಏಪ್ರಿಲ್‌ನಲ್ಲಿ ಎರಡು ದಿನ ಅಕ್ಕನ ಮನೆಯಲ್ಲಿ ಕೂತು ಅವಳ ಫೋನು, ಅಕ್ಕನ ಫೋನು, ಭಾವನ ಫೋನು, ನನ್ನ ಫೋನು, ನಾಲ್ಕನ್ನೂ ಮುಂದಿಟ್ಟುಕೊಂಡೆ. ಒಂಬತ್ತು ದಿನದ ಮೆಸೇಜುಗಳನ್ನು ತಾರೀಖು, ಗಂಟೆ ಸಮೇತ ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ಅಲ್ಲಿಗೂ ಇಲ್ಲಿಗೂ ಆಗ ಮೂರೂವರೆ ಗಂಟೆ ವ್ಯತ್ಯಾಸ. ಅದನ್ನೂ ಸರಿಹೊಂದಿಸಿ ಬರೆದೆ. ಅವಳ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಹೆಸರು ಬೇಡ ಅಂದಳು.

ಹುಡುಗಿ ಮತ್ತು ಊರು

2019ರಲ್ಲಿ ಹೋದವಳು. ನೀಟ್‌ನಲ್ಲಿ ಪಾಸಾಗಿದ್ದಳು, ಆದರೆ ಸರ್ಕಾರಿ ಸೀಟಿಗೆ ಸಾಲುವ ರ್‍ಯಾಂಕ್ ಅಲ್ಲ. ಖಾಸಗಿ ಕಾಲೇಜಿನ ಶುಲ್ಕ ಕೇಳಿ ಭಾವ ಎರಡು ದಿನ ಮಾತಾಡಲಿಲ್ಲ. ಭಾವನದು ಕೊಬ್ಬರಿ ವ್ಯಾಪಾರ. ತಿಪಟೂರು ಮಾರುಕಟ್ಟೆಯ ದರ ಏರಿದ ದಿನ ಮನೆಯಲ್ಲಿ ಪಾಯಸ, ಇಳಿದ ದಿನ ಸಾರು ಅನ್ನ. ಉಕ್ರೇನ್‌ನಲ್ಲಿ ಹಾಸ್ಟೆಲ್ ಸೇರಿ ವರ್ಷಕ್ಕೆ ಸುಮಾರು ನಾಲ್ಕು ಲಕ್ಷ. ಆರು ವರ್ಷದ ಕೋರ್ಸು. ಅರ್ಧ ಬ್ಯಾಂಕ್ ಸಾಲ, ಅರ್ಧ ತೋಟದ ಮೇಲಿನ ಸಾಲ.

ಖಾರ್ಕಿವ್ ಉಕ್ರೇನ್‌ನ ಎರಡನೇ ದೊಡ್ಡ ನಗರ. ರಷ್ಯಾ ಗಡಿ ಅಲ್ಲಿಂದ 40 ಕಿಲೋಮೀಟರ್ ಒಳಗೇ. ಬೀದಿಯಲ್ಲಿ ಜನ ರಷ್ಯನ್ನೇ ಜಾಸ್ತಿ ಮಾತಾಡುತ್ತಿದ್ದರು. ನಮ್ಮ ಹುಡುಗಿಯೂ ಮೊದಲು ಕಲಿತದ್ದು ಅದನ್ನೇ. ಅಲ್ಲಿನ ಮೆಟ್ರೋ ಅವಳಿಗೆ ಬಲು ಇಷ್ಟ. ಮೂರು ಲೈನು, ಮೂವತ್ತು ನಿಲ್ದಾಣ. ಫೋನ್ ಮಾಡಿದಾಗಲೆಲ್ಲ ನಿಲ್ದಾಣದ ಹೆಸರು ಹೇಳಿ ನಮ್ಮಿಂದಲೂ ಹೇಳಿಸುತ್ತಿದ್ದಳು. ಅಕ್ಕನ ಬಾಯಲ್ಲಿ 'ನಾವುಕೋವಾ' ಅನ್ನೋದು 'ನಾವು ಕೋವಾ' ಆಗಿ, ಮನೆಮಂದಿಯೆಲ್ಲ ಖೋವಾ ನೆನೆದು ನಗುತ್ತಿದ್ದರು.

ಆ ಊರಿಗೆ ಗಲಾಟೆ ಹೊಸದೇನಲ್ಲ. 2014ರ ಏಪ್ರಿಲ್‌ನಲ್ಲಿ ರಷ್ಯಾ ಪರ ಗುಂಪುಗಳು ಖಾರ್ಕಿವ್, ಡೊನೆಟ್ಸ್ಕ್, ಲುಹಾನ್ಸ್ಕ್ ಮೂರೂ ಕಡೆ ಸರ್ಕಾರಿ ಕಟ್ಟಡಗಳಿಗೆ ನುಗ್ಗಿದ್ದವು. ಖಾರ್ಕಿವ್‌ನಲ್ಲಿ ಸ್ವಾತಂತ್ರ್ಯ ಚೌಕದ ಪ್ರಾದೇಶಿಕ ಆಡಳಿತ ಭವನ ಹಿಡಿದು 'ಜನ ಗಣರಾಜ್ಯ' ಅಂತ ಘೋಷಿಸಿಯೂ ಬಿಟ್ಟರು. ಮರುದಿನವೇ ಪೊಲೀಸ್ ವಿಶೇಷ ಪಡೆ ಬಂದು ಕಟ್ಟಡ ಖಾಲಿ ಮಾಡಿಸಿತು. ಉಳಿದ ಎರಡು ಊರು ಕೈತಪ್ಪಿದವು, ಖಾರ್ಕಿವ್ ಉಳಿಯಿತು. ಡೊನೆಟ್ಸ್ಕ್, ಲುಹಾನ್ಸ್ಕ್‌ನ ಮೆಡಿಕಲ್ ಯೂನಿವರ್ಸಿಟಿಗಳು ಸರ್ಕಾರದ ಹಿಡಿತದಲ್ಲಿದ್ದ ಬೇರೆ ಊರುಗಳಿಗೆ ಸ್ಥಳಾಂತರವಾದವು. ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಬೇರೆ ಕಡೆ ಸೇರಿ ಓದು ಮುಗಿಸಿದರು.

ಈ ಹಳೇ ಕಥೆ ಇಲ್ಲಿ ಬೇಕೇ ಬೇಕು. ಯಾಕೆಂದರೆ 2022ರಲ್ಲಿ ಹಾಸ್ಟೆಲ್‌ನ ಮೇಲ್ವಿಚಾರಕಿ ಅಜ್ಜಿಯಿಂದ ಹಿಡಿದು ಸೀಟು ಕೊಡಿಸಿದ ಏಜೆಂಟ್‌ವರೆಗೆ ಎಲ್ಲರೂ ಅದನ್ನೇ ಹೇಳಿ ಧೈರ್ಯ ತುಂಬುತ್ತಿದ್ದರು. ಆಗಲೂ ಹೀಗೇ ಹೆದರಿಸಿದ್ರು, ಏನಾಯ್ತು? ಹೆಚ್ಚೆಂದರೆ ಬೇರೆ ಊರಿಗೆ ಕಳಿಸ್ತಾರೆ. ಏಜೆಂಟನ್ನು ಅಲ್ಲಿನ ನಮ್ಮ ಹುಡುಗರು 'ಕಾಂಟ್ರಾಕ್ಟರ್' ಅನ್ನುತ್ತಾರೆ. ಮನೆ ಕಟ್ಟಿಸುವವನ ಹಾಗೆ, ಅಡ್ವಾನ್ಸ್ ತಗೊಂಡು ಆಮೇಲೆ ಫೋನ್ ಎತ್ತದವನು ಅನ್ನೋ ಅರ್ಥವೂ ಅದರಲ್ಲಿ ಸೇರಿದೆ.

ಎನ್‌ಬಿ

ಪರದೇಶದ ವಿದ್ಯಾರ್ಥಿ ಜೀವನ ಅಂದರೆ ನಾವು ಹಿಮ, ಸೇತುವೆ, ಸೆಲ್ಫಿ ಅಂದುಕೊಳ್ಳುತ್ತೇವೆ. ಇವಳ ಜೀವನವನ್ನು ಆಳುತ್ತಿದ್ದದ್ದು ಎರಡಕ್ಷರ: ಎನ್‌ಬಿ.

ಕ್ಲಾಸಿಗೆ ಬರದವರ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಬೀಳುವ ಗುರುತು ಅದು. ಒಂದು ಎನ್‌ಬಿ ಬಿದ್ದರೆ ಆ ಪಾಠವನ್ನು ಬೇರೆ ದಿನ ಮೇಷ್ಟ್ರ ಮುಂದೆ ಒಪ್ಪಿಸಿ 'ತೀರಿಸಬೇಕು'. ಅದಕ್ಕೆ 'ಒತ್ರಾಬೋತ್ಕಾ' ಅಂತಾರೆ. ನಮ್ಮ ಹುಡುಗರು ಸುಮ್ನೆ 'ಒತ್ರಾ' ಅಂತಾರೆ. ಒತ್ರಾಗೆ ಮೇಷ್ಟ್ರ ಪುರುಸೊತ್ತು ಹಿಡಿಯಬೇಕು, ಡೀನ್ ಕಚೇರಿಯಿಂದ ಚೀಟಿ ತರಬೇಕು, ಕೆಲವು ಕಡೆ ದುಡ್ಡೂ ಕಟ್ಟಬೇಕು. ಎನ್‌ಬಿ ಗುಡ್ಡೆಯಾದರೆ ಪರೀಕ್ಷೆಗೆ ಕೂರಿಸಲ್ಲ. ಮೂರನೇ ವರ್ಷದ ಕೊನೆಗೆ 'ಕ್ರೋಕ್-1' ಅನ್ನುವ ದೇಶದ ಮಟ್ಟದ ಪರೀಕ್ಷೆ ಬೇರೆ. ಅದು ಪಾಸಾಗದಿದ್ದರೆ ಮುಂದಕ್ಕೆ ದಾರಿಯಿಲ್ಲ. ಇವಳು ಆಗ ಇದ್ದದ್ದು ಸರಿಯಾಗಿ ಆ ಮೂರನೇ ವರ್ಷದಲ್ಲಿ.

ಎರಡು ವಾರ ಮನೆಗೆ ಹೋಗಿಬಂದರೆ ಎಷ್ಟು ಎನ್‌ಬಿ? ಫೆಬ್ರವರಿ 15ರ ರಾತ್ರಿ ಅವಳು ಕೂತು ಲೆಕ್ಕ ಹಾಕಿದ್ದಳು. 27 ಅಂತ ನನಗೆ ಮೆಸೇಜ್ ಮಾಡಿದ್ದಾಳೆ. ರಷ್ಯಾ ಎಷ್ಟು ಸೈನಿಕರನ್ನು ತಂದು ನಿಲ್ಲಿಸಿದೆ ಅನ್ನೋದು ಆ ರಾತ್ರಿ ಅವಳ ಒಂದು ಮೆಸೇಜಿನಲ್ಲೂ ಇಲ್ಲ.

ಇನ್ನೊಂದು ಹೆದರಿಕೆ ನಮ್ಮ ದೇಶದಿಂದಲೇ ಬಂದದ್ದು. ಕೋವಿಡ್‌ನಿಂದಾಗಿ ಚೀನಾಕ್ಕೆ ಮರಳಲಾಗದೆ ಎರಡು ವರ್ಷ ಮನೆಯಲ್ಲೇ ಆನ್‌ಲೈನ್ ಪಾಠ ಕೇಳುತ್ತಿದ್ದ ಮೆಡಿಕಲ್ ವಿದ್ಯಾರ್ಥಿಗಳ ಗತಿ ಎಲ್ಲರಿಗೂ ಗೊತ್ತಿತ್ತು. ಬರೀ ಆನ್‌ಲೈನ್‌ನಲ್ಲಿ ಓದಿದ ವೈದ್ಯಕೀಯ ಕೋರ್ಸಿಗೆ ಮಾನ್ಯತೆ ಇಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದೇ ಫೆಬ್ರವರಿಯ ಆರಂಭದಲ್ಲಿ ಮತ್ತೆ ನೆನಪಿಸಿತ್ತು. ಅದು ಚೀನಾ ವಿಷಯಕ್ಕೆ ಹೊರಡಿಸಿದ ನೋಟಿಸು. ಆದರೆ ಖಾರ್ಕಿವ್‌ನ ಪ್ರತಿ ವಾಟ್ಸ್ಆ್ಯಪ್ ಗ್ರೂಪಿನಲ್ಲೂ ಓಡಾಡಿತು. ಮನೆಗೆ ಹೋದರೆ ಆನ್‌ಲೈನ್, ಆನ್‌ಲೈನ್ ಆದರೆ ಡಿಗ್ರಿ ನಷ್ಟ. ಸರಳ ಸಮೀಕರಣ.

ದಿನಗಳು

15ರ ಸೂಚನೆ ಮೆತ್ತಗಿತ್ತು. ಇರಲೇಬೇಕಾದ ಅಗತ್ಯವಿಲ್ಲದ ವಿದ್ಯಾರ್ಥಿಗಳು ತಾತ್ಕಾಲಿಕವಾಗಿ ಹೊರಡುವ ಬಗ್ಗೆ 'ಯೋಚಿಸಬಹುದು' ಅನ್ನೋ ಧಾಟಿ. ಓದೋಕೆ ಹೋದವಳಿಗೆ ಇರುವ ಅಗತ್ಯ ಇದೆಯೋ ಇಲ್ಲವೋ? ಭಾವ ಅಂದರು, 'ಇದೆಯಲ್ಲ, ಕ್ಲಾಸ್ ನಡೀತಿದೆಯಲ್ಲ.' ಅದೇ ದಿನ ರಷ್ಯಾ, ಕವಾಯತು ಮುಗಿಸಿದ ಕೆಲವು ತುಕಡಿಗಳು ವಾಪಸ್ ಹೋಗುತ್ತಿವೆ ಅಂದಿತು. ಅಮೆರಿಕ ಅದಾಗಲೇ ತನ್ನ ರಾಯಭಾರ ಕಚೇರಿಯನ್ನು ಕೀವ್‌ನಿಂದ ಲ್ವೀವ್‌ಗೆ ಸಾಗಿಸಿತ್ತು. ಉಕ್ರೇನ್‌ನ ಅಧ್ಯಕ್ಷ ಝೆಲೆನ್‌ಸ್ಕಿ ಮಾತ್ರ ಜನವರಿ ಕೊನೆಯಲ್ಲೇ ಗಾಬರಿ ಹಬ್ಬಿಸಬೇಡಿ, ಆರ್ಥಿಕತೆಗೆ ಪೆಟ್ಟು ಬೀಳುತ್ತಿದೆ ಅಂತ ವಿದೇಶಿ ಪತ್ರಕರ್ತರಿಗೆ ಹೇಳಿದ್ದರು. ಯಾರ ಮಾತು ಕೇಳುವುದು?

16ನೇ ತಾರೀಖು ದಾಳಿ ಆಗಬಹುದು ಅಂತ ಪಾಶ್ಚಾತ್ಯ ಮಾಧ್ಯಮಗಳು ಬರೆದಿದ್ದವು. ಝೆಲೆನ್‌ಸ್ಕಿ ಅದೇ ದಿನವನ್ನು 'ಏಕತೆಯ ದಿನ' ಅಂತ ಘೋಷಿಸಿದರು. ಊರೆಲ್ಲ ನೀಲಿ ಹಳದಿ ಬಾವುಟ. ಹಾಸ್ಟೆಲ್ ಕಿಟಕಿಯಿಂದ ತೆಗೆದ ಫೋಟೊ ಕಳಿಸಿದ್ದಾಳೆ: ಪಕ್ಕದ ಮನೆಯ ಬಾಲ್ಕನಿಯಲ್ಲಿ ಒಂದು ಬಾವುಟ, ಅದರ ಕೆಳಗೆ ಒಣಗಲು ಹಾಕಿದ ಮಕ್ಕಳ ಕಾಲುಚೀಲ. ಆ ದಿನ ಏನೂ ಆಗಲಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದಿರುವುದು ಅವತ್ತಿನ ರಾತ್ರಿಗೆ. ಟಿಕೆಟ್ ನೋಡಿದ್ದು ನಾನು. ಸಾಮಾನ್ಯವಾಗಿ ಇಪ್ಪತ್ತೈದು ಮೂವತ್ತು ಸಾವಿರಕ್ಕೆ ಸಿಗುತ್ತಿದ್ದ ಕೀವ್–ಬೆಂಗಳೂರು ಟಿಕೆಟ್ 62 ಸಾವಿರ ತೋರಿಸುತ್ತಿತ್ತು. ರಾತ್ರಿ 11.40ಕ್ಕೆ ನಾನು ಅವಳಿಗೆ ಬರೆದದ್ದು ಹೀಗಿದೆ: 'ಇವತ್ತಿನ ದಿನ ದಾಟಿತಲ್ಲ. ಒಂದು ವಾರ ನೋಡೋಣ, ರೇಟ್ ಇಳಿಯುತ್ತೆ.'

ಮರುದಿನ, 17ಕ್ಕೆ, ಭಾರತ ಸರ್ಕಾರ ಉಕ್ರೇನ್ ವಿಮಾನಗಳ ಸಂಖ್ಯೆಯ ಮೇಲಿದ್ದ ಮಿತಿ ತೆಗೆಯಿತು. ಒಳ್ಳೆಯ ಕ್ರಮ. ಜನ ಬೇಗ ಬರಲಿ ಅಂತಲೇ ಮಾಡಿದ್ದು. ಆದರೆ ನಮ್ಮ ಮನೆಯಲ್ಲಿ ಅದರ ಪರಿಣಾಮ ಉಲ್ಟಾ ಆಯಿತು. 'ನೋಡಿದ್ಯಾ, ವಿಮಾನ ಜಾಸ್ತಿ ಬಿಡ್ತಾರಂತೆ, ರೇಟ್ ಇಳಿದೇ ಇಳಿಯುತ್ತೆ' ಅಂತ ಭಾವನಿಗೆ ನಾನೇ ಹೇಳಿದೆ. ಲೆಕ್ಕ ಗೊತ್ತಿರುವವನ ಮಾತು ಅಂತ ಅವರೂ ನಂಬಿದರು.

18, 19 ಖಾಲಿ. ಕ್ಲಾಸು, ಅಡುಗೆ, ಸಾಲದ ಕಂತಿನ ಮಾತು. ಅವಳ ತರಗತಿಯ ಒಬ್ಬ ಹುಡುಗ, ಬೀದರ್ ಕಡೆಯವನು, ಸಾಲ ಮಾಡಿ 62 ಸಾವಿರದ ಟಿಕೆಟ್ಟಿನಲ್ಲೇ ಹೊರಟುಹೋದ. ಅವನ ತಾಯಿ ಮೂರು ದಿನ ಫೋನಿನಲ್ಲಿ ಅತ್ತರಂತೆ. ದುಡ್ಡಿದ್ದವರು ಬಂದರು, ಇಲ್ಲದವರು ಉಳಿದರು ಅನ್ನೋದನ್ನು ಆಮೇಲೆ ತುಂಬ ಜನ ಬರೆದರು. ಪೂರ್ತಿ ನಿಜವಲ್ಲ. ಅವನ ಮನೆ ನಮ್ಮದಕ್ಕಿಂತ ಬಡದು. ಇತ್ತ ಇವಳ ರೂಮಿನವಳ ತಂದೆ ದುಡ್ಡು ಕಳಿಸಲು ತಯಾರಿದ್ದರು, ಆದರೆ ಅವಳ ಪಾಸ್‌ಪೋರ್ಟೇ ಕೈಯಲ್ಲಿರಲಿಲ್ಲ. ವಾಸದ ಪರವಾನಗಿ ನವೀಕರಣಕ್ಕೆ ಅಂತ ಕೊಟ್ಟದ್ದು ಯಾವುದೋ ಮೇಜಿನ ಮೇಲೆ ಕೂತಿತ್ತು.

20ರ ಭಾನುವಾರ ಎರಡನೇ ಸೂಚನೆ. ಈಗ ಧಾಟಿ ಬದಲಾಗಿತ್ತು. ಎಲ್ಲ ವಿದ್ಯಾರ್ಥಿಗಳೂ ತಾತ್ಕಾಲಿಕವಾಗಿ ಹೊರಡಿ ಅನ್ನೋ ಸಲಹೆ. ಚಾರ್ಟರ್ ವಿಮಾನಗಳ ಬಗ್ಗೆ ನಿಮ್ಮ ನಿಮ್ಮ ಕಾಂಟ್ರಾಕ್ಟರ್‌ಗಳನ್ನು ವಿಚಾರಿಸಿ ಅಂತಲೂ ಇತ್ತು. ಇವಳು ಕಾಂಟ್ರಾಕ್ಟರ್‌ಗೆ ಏಳು ಸಲ ಫೋನ್ ಮಾಡಿದ್ದಾಳೆ. ಕಾಲ್ ಲಾಗ್ ನೋಡಿದೆ, ಏಳೂ ಹೊರಹೋದ ಕರೆಗಳೇ.

21ರ ಸೋಮವಾರ ಡೀನ್ ಕಚೇರಿಯಲ್ಲಿ ವಿಚಾರಿಸಿದಾಗ ಉತ್ತರ: ಮೇಲಿನಿಂದ ಆದೇಶ ಬರುವವರೆಗೆ ಪಾಠ ಯಥಾಪ್ರಕಾರ. ಆ ರಾತ್ರಿ, ನಮಗೆ ನಡುರಾತ್ರಿ ದಾಟಿತ್ತು, ಪುಟಿನ್ ಡೊನೆಟ್ಸ್ಕ್, ಲುಹಾನ್ಸ್ಕ್‌ಗಳನ್ನು ಸ್ವತಂತ್ರ ದೇಶ ಅಂತ ಒಪ್ಪಿ ಸಹಿ ಹಾಕಿದರು. ಅಕ್ಕ ನನಗೆ ಫೋನ್ ಮಾಡಿದಳು. ಮಾತಾಡಲಿಲ್ಲ. ಸುಮ್ನೆ ಉಸಿರಾಟ ಕೇಳಿಸುತ್ತಿತ್ತು.

22ರ ಮೂರನೇ ಸೂಚನೆಯನ್ನು ನಾನು ಎಷ್ಟು ಸಲ ಓದಿದ್ದೇನೋ. ಆನ್‌ಲೈನ್ ತರಗತಿ ಖಚಿತವಾಯಿತೇ ಅಂತ ಕೇಳಿ ರಾಯಭಾರ ಕಚೇರಿಗೆ ಬಹಳ ಕರೆಗಳು ಬರುತ್ತಿವೆ, ಯೂನಿವರ್ಸಿಟಿಗಳ ಅಧಿಕೃತ ಮಾತಿಗೆ ಕಾಯಬೇಡಿ, ಸುರಕ್ಷತೆಗಾಗಿ ಹೊರಡಿ ಅನ್ನೋದು ಅದರ ಸಾರ. ಅಂದರೆ ಎರಡು ದಿನ ದೂರದಲ್ಲಿ ಯುದ್ಧ ನಿಂತಿದ್ದಾಗ ಸಾವಿರಾರು ಮಕ್ಕಳು ಕೇಳುತ್ತಿದ್ದದ್ದು ಹಾಜರಿಯ ಪ್ರಶ್ನೆಯನ್ನು. ನಗು ಬರುವ ವಿಷಯ ಅನ್ನಿಸಿದರೆ ಆ 27 ಎನ್‌ಬಿ ನೆನಪಿಸಿಕೊಳ್ಳಿ. ಆ ಪ್ರಶ್ನೆಗೆ ಉತ್ತರ ಕೊಡಬೇಕಿದ್ದ ಕಚೇರಿಗಳು, ಅಲ್ಲಿನವೂ ಇಲ್ಲಿನವೂ, 15ಕ್ಕೇ ಒಂದು ಸಾಲು ಬರೆದಿದ್ದರೆ ಎಷ್ಟೋ ಮಕ್ಕಳು 18ಕ್ಕೇ ಮನೆಯಲ್ಲಿರುತ್ತಿದ್ದರು. ಇದು ನನ್ನ ಖಚಿತ ಅಭಿಪ್ರಾಯ. ನನ್ನ 11.40ರ ಮೆಸೇಜನ್ನು ಇದು ಅಳಿಸುವುದಿಲ್ಲ ಅನ್ನೋದೂ ಗೊತ್ತು.

ಆ ರಾತ್ರಿ ಟಿಕೆಟ್ ಮಾಡಿಸಿದೆ. 26ನೇ ತಾರೀಖಿನ ವಿಮಾನ, ಗಲ್ಫ್ ಮೂಲಕ, 54 ಸಾವಿರ. ಎಂಟು ಸಾವಿರ ಉಳಿಯಿತು! ಖಾರ್ಕಿವ್‌ನಿಂದ ಕೀವ್‌ಗೆ 25ರ ರಾತ್ರಿ ರೈಲು. 23ರ ಸಂಜೆ ಯೂನಿವರ್ಸಿಟಿ ಎರಡು ವಾರ ಆನ್‌ಲೈನ್ ಅಂತ ಹೇಳಿತು. ಅವಳು ಬಟ್ಟೆ ಮಡಚಿಡುತ್ತಾ ವಿಡಿಯೋ ಕಾಲ್ ಮಾಡಿದಳು. ತುಂಬ ಖುಷಿಯಲ್ಲಿದ್ದಳು. ಎನ್‌ಬಿ ಒಂದೂ ಇಲ್ಲ ಮಾವ, ಅಂದಳು.

ಅಲ್ಲಿಂದ ಮುಂದೆ

24ರ ಬೆಳಗ್ಗೆ ನಮಗೆ ಎಂಟೂವರೆ, ಅಲ್ಲಿ ಐದು. ಕಿಟಕಿ ಗಾಜು ನಡುಗುತ್ತಿದೆ ಅಂತ ಫೋನು. ಉಕ್ರೇನ್‌ನ ಆಕಾಶ ಮುಚ್ಚಿತು. ದೆಹಲಿಯಿಂದ ಕೀವ್‌ಗೆ ಹೊರಟಿದ್ದ ಏರ್ ಇಂಡಿಯಾ ವಿಮಾನವೂ ಅರ್ಧ ದಾರಿಯಿಂದ ಹಿಂದೆ ತಿರುಗಿತು.

ಮುಂದಿನ ದಿನಗಳ ಕಥೆ ಎಲ್ಲರಿಗೂ ಗೊತ್ತು. ಹಾಸ್ಟೆಲ್ ನೆಲಮಾಳಿಗೆ, ಮೆಟ್ರೋ ನಿಲ್ದಾಣದ ಕಲ್ಲು ನೆಲ. ಅವಳು ಇಷ್ಟಪಟ್ಟಿದ್ದ ಅದೇ ಮೆಟ್ರೋ. ರೈಲು ನಿಂತಿತ್ತು, ಪ್ಲಾಟ್‌ಫಾರ್ಮ್ ತುಂಬ ಕಂಬಳಿ, ಮಕ್ಕಳು, ಬೆಕ್ಕುಗಳು. ಒಮ್ಮೆ ಅನ್ನ ಮಾಡಿಕೊಳ್ಳೋಣ ಅಂತ ಮೇಲಕ್ಕೆ ಹೋಗಿ ಕುಕ್ಕರ್ ಇಟ್ಟಿದ್ದಾರೆ. ಎರಡನೇ ಸೀಟಿ ಆಗುವಷ್ಟರಲ್ಲಿ ಹತ್ತಿರದಲ್ಲೇ ಎಲ್ಲೋ ಬಿತ್ತು. ಒಲೆ ಆರಿಸಿ ಕುಕ್ಕರ್ ಅಲ್ಲೇ ಬಿಟ್ಟು ಓಡಿದವರು ಸಂಜೆವರೆಗೂ ಹಸಿದಿದ್ದರು. ಅರಸೀಕೆರೆಯಿಂದ ಒಯ್ದಿದ್ದ ಚಟ್ನಿಪುಡಿ ಡಬ್ಬಿ ಜೇಬಿನಲ್ಲಿತ್ತಂತೆ. ಬರೀ ಚಟ್ನಿಪುಡಿ ನೆಕ್ಕಿದ್ದಾರೆ, ಐದು ಜನ.

ಮಾರ್ಚ್ 1ರ ಬೆಳಗ್ಗೆ ಸ್ವಾತಂತ್ರ್ಯ ಚೌಕದ ಆಡಳಿತ ಭವನಕ್ಕೆ ಕ್ಷಿಪಣಿ ಬಡಿಯಿತು. 2014ರಲ್ಲಿ ಒಂದೇ ದಿನದಲ್ಲಿ ಸರಿಹೋಯಿತಲ್ಲ ಅಂತ ಅಜ್ಜಿ ಹೇಳುತ್ತಿದ್ದ ಅದೇ ಕಟ್ಟಡ. ಅದೇ ಬೆಳಗ್ಗೆ ಊಟದ ಸಾಮಾನಿಗೆ ಅಂತ ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಇವಳು ಆಗ ಹನ್ನೊಂದು ಜನರ ಗುಂಪಿನಲ್ಲಿ ರೈಲು ನಿಲ್ದಾಣದ ಕಡೆ ನಡೆಯುತ್ತಿದ್ದಳು. ಸುದ್ದಿ ಟಿವಿಯಲ್ಲಿ ಬಂದಾಗ 'ಕರ್ನಾಟಕದ ವಿದ್ಯಾರ್ಥಿ' ಅಂತಷ್ಟೇ ಇತ್ತು. ಹೆಸರು ಬರುವವರೆಗಿನ ಹೊತ್ತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಲ್ಲ.

ನಿಲ್ದಾಣದಲ್ಲಿ ಹೆಂಗಸರಿಗೆ, ಮಕ್ಕಳಿಗೆ ಮೊದಲ ಜಾಗ. ಗುಂಪಿನ ನಾಲ್ಕು ಹುಡುಗಿಯರು ಲ್ವೀವ್ ರೈಲಿಗೆ ಹತ್ತಿದರು, ಏಳು ಹುಡುಗರು ಉಳಿದರು. ಮರುದಿನ, 2ನೇ ತಾರೀಖು, ಸಂಜೆ ಆರರೊಳಗೆ ಖಾರ್ಕಿವ್ ಬಿಡಿ, ವಾಹನ ಸಿಗದಿದ್ದರೆ ನಡೆದೇ ಹೋಗಿ ಅಂತ ರಾಯಭಾರ ಕಚೇರಿಯ ತುರ್ತು ಸೂಚನೆ ಬಂತು. ಸೇರಬೇಕಾದ ಊರುಗಳು: ಪಿಸೋಚಿನ್ 11 ಕಿಲೋಮೀಟರ್, ಬಬಾಯ್ 12, ಬೆಜ್ಲ್ಯುದಿವ್ಕಾ 16. ಹುಡುಗರು ಆ 11 ಕಿಲೋಮೀಟರ್ ನಡೆದರು. ಈ ಸಲದ ಸೂಚನೆಯಲ್ಲಿ 'ಯೋಚಿಸಬಹುದು' ಇರಲಿಲ್ಲ.

ಅವಳು ಲ್ವೀವ್, ಹಂಗೇರಿ ಗಡಿ, ಬುಡಾಪೆಸ್ಟ್, ದೆಹಲಿ ದಾಟಿ 6ನೇ ತಾರೀಖು ಬೆಂಗಳೂರಿಗೆ ಬಂದಳು. ಹುಡುಗರೂ ಕೆಲವು ದಿನ ತಡವಾಗಿ ಬಂದರು. ಸರ್ಕಾರದ ಲೆಕ್ಕದಂತೆ ಹೀಗೆ ಮರಳಿದವರು ಸುಮಾರು 22,500 ಭಾರತೀಯರು, ಬಹುಪಾಲು ವಿದ್ಯಾರ್ಥಿಗಳು.

ಮತ್ತೆ ಅದೇ ಹಳೇ ಹೆದರಿಕೆ ಬಂತು: ಡಿಗ್ರಿ ಏನಾಗುತ್ತೆ? ನಮ್ಮ ನಿಯಮದ ಪ್ರಕಾರ ವಿದೇಶದಲ್ಲಿ ಓದುವವರು ಇಡೀ ಕೋರ್ಸನ್ನು ಒಂದೇ ಸಂಸ್ಥೆಯಲ್ಲಿ ಮುಗಿಸಬೇಕು. ಇಲ್ಲಿನ ಕಾಲೇಜಿಗೆ ವರ್ಗಾವಣೆಗೂ ಅವಕಾಶವಿಲ್ಲ. ವಿದ್ಯಾರ್ಥಿಗಳು ಸುಪ್ರೀಂ ಕೋರ್ಟ್‌ವರೆಗೆ ಹೋದರು. 2022ರ ಸೆಪ್ಟೆಂಬರ್‌ನಲ್ಲಿ ವೈದ್ಯಕೀಯ ಆಯೋಗ ಒಂದು ದಾರಿ ಒಪ್ಪಿತು: ತಾತ್ಕಾಲಿಕವಾಗಿ ಮೂರನೇ ದೇಶದಲ್ಲಿ ಓದಬಹುದು, ಪದವಿ ಮಾತ್ರ ಮೂಲ ಉಕ್ರೇನ್ ಯೂನಿವರ್ಸಿಟಿಯೇ ಕೊಡಬೇಕು. ಆರು ತಿಂಗಳು ಮನೆಯಲ್ಲಿ ಕೂತು, ಖಾರ್ಕಿವ್‌ನ ಮೇಷ್ಟ್ರು ಕರೆಂಟ್ ಇದ್ದಾಗ ಮಾಡುತ್ತಿದ್ದ ಆನ್‌ಲೈನ್ ಪಾಠ ಕೇಳಿದವಳು ಕೊನೆಗೆ ಜಾರ್ಜಿಯಾದ ಟಿಬಿಲಿಸಿಗೆ ಹೊರಟಳು. ಭಾವ ಇನ್ನೊಂದು ಸಾಲ ಮಾಡಿದರು.

ಎರಡನೇ ಸಲ

ಪ್ರಕರಣ ಇಲ್ಲಿಗೆ ಮುಗಿಯಿತು ಅಂತ ನೋಟ್‌ಬುಕ್ ಎತ್ತಿಟ್ಟಿದ್ದೆ. 2024ರ ನವೆಂಬರ್ 28ರಂದು ಜಾರ್ಜಿಯಾ ಪ್ರಧಾನಿ ಇರಾಕ್ಲಿ ಕೊಬಾಖಿಡ್ಜೆ, ಐರೋಪ್ಯ ಒಕ್ಕೂಟಕ್ಕೆ ಸೇರುವ ಮಾತುಕತೆಯನ್ನು 2028ರ ಕೊನೆವರೆಗೆ ಕೈಗೆತ್ತಿಕೊಳ್ಳುವುದಿಲ್ಲ ಅಂದರು. ಆ ರಾತ್ರಿಯೇ ಟಿಬಿಲಿಸಿಯ ರುಸ್ತಾವೆಲಿ ರಸ್ತೆ, ಸಂಸತ್ತಿನ ಮುಂದೆ, ಜನರಿಂದ ತುಂಬಿತು. ಜಲಫಿರಂಗಿ, ಅಶ್ರುವಾಯು. ಎದುರಿಗೆ ಪಟಾಕಿ, ರಾಕೆಟ್ಟು. ರಾತ್ರಿ ಮೇಲೆ ರಾತ್ರಿ ಅದೇ. ಟಿವಿಯಲ್ಲಿ ಅದನ್ನು ನೋಡಿದ ಅಕ್ಕ ರಿಮೋಟು ಕೆಳಗಿಟ್ಟು ನನ್ನ ನಂಬರು ಒತ್ತಿದಳು.

ಹುಡುಗಿ ಆಗ ಕೋರ್ಸಿನ ಆರನೇ ವರ್ಷದಲ್ಲಿದ್ದಳು. ಇರುವ ಜಾಗ ಸಬುರ್ತಾಲೋ ಕಡೆ, ಸಂಸತ್ತಿನಿಂದ ಕೆಲವು ಕಿಲೋಮೀಟರ್ ದೂರ. ಈ ಸಲ ಗಾಬರಿ ನನಗೆ. 'ಬಂದುಬಿಡು, ಟಿಕೆಟ್ ಮಾಡಿಸ್ತೀನಿ' ಅಂದೆ. ಅವಳು ನನ್ನನ್ನೇ ವಿಚಾರಣೆ ಮಾಡಿದಳು. ಗಡಿಯಲ್ಲಿ ಸೈನ್ಯ ಸೇರಿದೆಯಾ ಮಾವ? ಇಲ್ಲ. ಬೇರೆ ದೇಶದವರು ರಾಯಭಾರ ಕಚೇರಿ ಮುಚ್ಚಿದ್ರಾ? ಇಲ್ಲ. ವಿಮಾನ ಹಾರ್ತಿದೆಯಾ? ಹಾರ್ತಿದೆ. 'ಇದು ಜನ ಸರ್ಕಾರದ ಮೇಲೆ ಮಾಡ್ತಿರೋ ಗಲಾಟೆ. ನಾನು ರಾತ್ರಿ ರುಸ್ತಾವೆಲಿ ಕಡೆ ಹೋಗಲ್ಲ, ಮೆರವಣಿಗೆ ಫೋಟೊ ತೆಗೆಯಲ್ಲ, ಯಾರ ಪರವಾಗಿಯೂ ಸ್ಟೇಟಸ್ ಹಾಕಲ್ಲ. ಅಲ್ಲಿ ಇದ್ದದ್ದು ಬೇರೆ ತರ. ಅದನ್ನ ನಾವು ಗಲಾಟೆ ಅಂದ್ಕೊಂಡ್ವಿ.'

ಎರಡೂ ಕಡೆಯ ಭಯವನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದವನು ನಾನು. ಅವಳು ಹೇಳುವವರೆಗೆ ನನಗೆ ಅದು ಹೊಳೆದಿರಲಿಲ್ಲ.

ಹಾಗಂತ ಅವಳು ಸುಮ್ನೆ ಕೂತಿರಲಿಲ್ಲ. ಹೋದ ಮೊದಲ ತಿಂಗಳೇ ಒಂದು ಬೇರೆ ಖಾತೆಯಲ್ಲಿ 65 ಸಾವಿರ ಇಡಿಸಿಕೊಂಡಿದ್ದಳು. ಫೀಸಿಗೆ ಕಡಿಮೆ ಬಿದ್ದರೂ ಅದನ್ನು ಮುಟ್ಟುವಂತಿಲ್ಲ. ಪಾಸ್‌ಪೋರ್ಟನ್ನು ಯಾರಿಗಾದರೂ ಒಂದು ದಿನಕ್ಕೆ ಕೊಟ್ಟರೂ ಚೀಟಿ ಬರೆಸಿಕೊಳ್ಳುತ್ತಿದ್ದಳು. ಅಂಕಪಟ್ಟಿಗಳ ಪ್ರತಿ ಬಾಗಿಲ ಹಿಂದಿನ ಬ್ಯಾಗಿನಲ್ಲಿ. ಎಷ್ಟು ಗೈರುಹಾಜರಿಗೆ ಎಷ್ಟು ದಂಡ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಂಡಿದ್ದಳು. ನಿಜವಾಗಿ ಹೊರಡಬೇಕಾಗಿ ಬಂದರೆ ಯಾರ ಅಪ್ಪಣೆಗೂ, ಯಾರ ರೇಟಿಗೂ ಕಾಯಬಾರದು ಅಂತ.

ನಾನಂತೂ ಆ ಡಿಸೆಂಬರ್ ಪೂರ್ತಿ ಪ್ರತಿ ಶುಕ್ರವಾರ ರಾತ್ರಿ ಟಿಬಿಲಿಸಿ–ಬೆಂಗಳೂರು ದರ ನೋಡಿ ಅವಳಿಗೆ ಸ್ಕ್ರೀನ್‌ಶಾಟ್ ಕಳಿಸುತ್ತಿದ್ದೆ. ಬೇಕಾಗಲಿ, ಬೇಡವಾಗಲಿ. ಒಂದು ಶುಕ್ರವಾರ 34 ಸಾವಿರ ಇತ್ತು. ಅವಳ ಉತ್ತರ ಹತ್ತು ನಿಮಿಷ ಬಿಟ್ಟು ಬಂತು.

'ನೋಡಿದೆ ಮಾವ. ನಾಳೆ ಬೆಳಗ್ಗೆ ಎಂಟಕ್ಕೆ ಸರ್ಜರಿ ಕ್ಲಾಸ್ ಇದೆ, ಮಲಗ್ತೀನಿ.'